ಟೈಮ್‌ಲೈನಿನಲ್ಲಿ ಅಳಿಸಿದ ಮೂಲ ಧ್ವನಿಯನ್ನು ಅದರ ಜಾಗದಲ್ಲೇ ಮರಳಿ ಕೂರಿಸುವ ಕ್ರಮ

ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೆ ಈ ಸಂದರ್ಭ ಹೊಸದಲ್ಲ. ಧಾರೆಯ ದೃಶ್ಯಗಳ ಮೂಲ ಧ್ವನಿಯನ್ನೆಲ್ಲ ಅಳಿಸಿ, ಉದ್ದಕ್ಕೂ ವಾದ್ಯಸಂಗೀತ ಹಾಕಿ ಕೊಟ್ಟ ಮೇಲೆ, ಮನೆಯವರು ನೋಡಿ ‘ಅಜ್ಜಿ ಹೇಳಿದ ಸೋಬಾನೆ ಎಲ್ಲಿ?’ ಎಂದು ಕೇಳುತ್ತಾರೆ. ಅವರು ಕೇಳುವುದು ನ್ಯಾಯವೇ. ವಾದ್ಯಸಂಗೀತ ಎಲ್ಲಿ ಬೇಕಾದರೂ ಸಿಗುತ್ತದೆ; ಆ ಹಾಡು ಆ ದಿನದ ಚಿತ್ರೀಕರಣದಲ್ಲಿ ಮಾತ್ರ ಇದೆ.

ಸಮಾಧಾನದ ಸಂಗತಿಯೆಂದರೆ, ಟೈಮ್‌ಲೈನಿನಲ್ಲಿ, ಎಂದರೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಜಾಗದಲ್ಲಿ, ಏನನ್ನು ಅಳಿಸಿದರೂ ಮೂಲ ಫೈಲಿಗೆ ಧಕ್ಕೆಯಾಗುವುದಿಲ್ಲ. ಕಷ್ಟವಿರುವುದು ಧ್ವನಿಯನ್ನು ಸರಿಯಾದ ಫ್ರೇಮಿಗೆ ಕೂರಿಸುವುದರಲ್ಲಿ. ಸೆಕೆಂಡಿಗೆ 25 ಫ್ರೇಮುಗಳ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡು. ಕಣ್ಣಳತೆಯಲ್ಲಿ ಎಳೆದು ಕೂರಿಸಿದರೆ ನಾಲ್ಕೈದು ಫ್ರೇಮು ಆಚೀಚೆಯಾಗಿ, ತುಟಿಯ ಚಲನೆಗೂ ಮಾತಿಗೂ ತಾಳೆಯಾಗದೆ ಹೋಗುತ್ತದೆ. ಆದ್ದರಿಂದ ಸಾಫ್ಟ್‌ವೇರಿನಿಂದಲೇ ಅಳತೆ ಮಾಡಿಸಬೇಕು. ಇಲ್ಲಿ ಅಡೋಬಿ ಪ್ರೀಮಿಯರ್ ಪ್ರೊದ ಕ್ರಮವನ್ನು ವಿವರಿಸುತ್ತೇನೆ.

ಮೊದಲು, ಧ್ವನಿ ನಿಜವಾಗಿಯೂ ಅಳಿಸಿಹೋಗಿದೆಯೇ ಎಂದು ನೋಡಿಕೊಳ್ಳಿ. ಟ್ರ್ಯಾಕಿನ ಧ್ವನಿ ನಿಲ್ಲಿಸುವ ಎಂ (ಮ್ಯೂಟ್) ಗುಂಡಿ ಒತ್ತಿಹೋಗಿರಬಹುದು, ಕ್ಲಿಪ್ಪಿನ ಎನೇಬಲ್ ಗುರುತು ಹೋಗಿರಬಹುದು, ವಾಲ್ಯೂಮ್ ತಳಮುಟ್ಟಿರಬಹುದು. ಇವು ಯಾವುವೂ ಅಲ್ಲದಿದ್ದರೆ ಮಾತ್ರ ಮುಂದುವರಿಯಿರಿ.

ಟೈಮ್‌ಲೈನಿನಲ್ಲಿ ಧ್ವನಿಯಿಲ್ಲದ ವಿಡಿಯೊ ಕ್ಲಿಪ್ಪನ್ನು ಆರಿಸಿ, ಸ್ಲ್ಯಾಶ್ ಕೀ ಒತ್ತಿ. ಕ್ಲಿಪ್ಪಿನ ಎರಡೂ ತುದಿಗಳಿಗೆ ಇನ್ (ಆರಂಭ) ಮತ್ತು ಔಟ್ (ಅಂತ್ಯ) ಗುರುತು ಬೀಳುತ್ತವೆ. ಶಿಫ್ಟ್ ಜೊತೆ ಐ ಒತ್ತಿದರೆ ಪ್ಲೇಹೆಡ್ (ಈಗ ನೋಡುತ್ತಿರುವ ಜಾಗವನ್ನು ತೋರಿಸುವ ಗೆರೆ) ಆ ಕ್ಲಿಪ್ಪಿನ ಮೊದಲ ಫ್ರೇಮಿಗೆ ಬಂದು ನಿಲ್ಲುತ್ತದೆ. ಈಗ ಎಫ್ ಕೀ ಒತ್ತಿ. ಇದೇ ಮ್ಯಾಚ್ ಫ್ರೇಮ್: ಮೂಲ ಕ್ಲಿಪ್ ಪೂರ್ತಿಯಾಗಿ, ಧ್ವನಿಯ ಸಮೇತ, ಮೂಲ ಕ್ಲಿಪ್ಪುಗಳನ್ನು ತೋರಿಸುವ ಸೋರ್ಸ್ ಮಾನಿಟರ್ ಕಿಟಕಿಯಲ್ಲಿ ತೆರೆದುಕೊಂಡು ಅದೇ ಫ್ರೇಮಿನಲ್ಲಿ ನಿಂತಿರುತ್ತದೆ. ಸೋರ್ಸ್ ಮಾನಿಟರಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಅದರ ಸುತ್ತ ನೀಲಿ ಗೆರೆ ಬಂದಿರುವುದನ್ನು ಖಚಿತಪಡಿಸಿಕೊಂಡು, ಐ ಒತ್ತಿ; ಅಲ್ಲಿ ಇನ್ ಗುರುತು ಬೀಳುತ್ತದೆ. ಗೆರೆ ಟೈಮ್‌ಲೈನಿನ ಸುತ್ತಲೇ ಉಳಿದಿದ್ದರೆ ಗುರುತು ಅಲ್ಲಿಗೇ ಬೀಳುತ್ತದೆ.

ಮುಂದಿನ ಹೆಜ್ಜೆಯಲ್ಲಿ ಅವಸರ ಮಾಡಬೇಡಿ. ಟೈಮ್‌ಲೈನಿನ ಎಡತುದಿಯ ಮೊದಲ ಸಾಲಿನಲ್ಲಿರುವ ವಿ1 (ವಿಡಿಯೊ) ಗುಂಡಿಯನ್ನು ಆಫ್ ಮಾಡಿ, ಎ1 (ಆಡಿಯೊ) ಗುಂಡಿಯನ್ನು ಖಾಲಿ ಇರುವ ಆಡಿಯೊ ಟ್ರ್ಯಾಕಿನ, ಉದಾಹರಣೆಗೆ ಎ3ರ, ಪಕ್ಕಕ್ಕೆ ಸರಿಸಿ. ಇದನ್ನು ಮರೆತರೆ ಮೂಲ ಧ್ವನಿಯು ನೀವು ಕಷ್ಟಪಟ್ಟು ಹೊಂದಿಸಿದ ಸಂಗೀತದ ಮೇಲೆಯೇ ಬಂದು ಕೂತು, ಅಷ್ಟು ಭಾಗವನ್ನು ಅಳಿಸಿಬಿಡುತ್ತದೆ. ಆ ಬಳಿಕ ಫುಲ್‌ಸ್ಟಾಪ್ ಕೀ ಒತ್ತಿ. ಧ್ವನಿ ಕ್ಲಿಪ್ಪಿನ ಕೆಳಗೆ, ಅಷ್ಟೇ ಉದ್ದಕ್ಕೆ, ಬಂದು ಕೂರುತ್ತದೆ. ಒಂದು ವೇಳೆ ಫಿಟ್ ಕ್ಲಿಪ್ ಎಂಬ ಕಿಟಕಿ ತೆರೆದರೆ, ಸೋರ್ಸಿನಲ್ಲಿ ಹಳೆಯ ಔಟ್ ಗುರುತು ಉಳಿದಿದೆಯೆಂದು ಅರ್ಥ. ಆ ಕಿಟಕಿಯನ್ನು ರದ್ದುಮಾಡಿ, ಗುರುತನ್ನು ತೆಗೆದು, ಮತ್ತೆ ಒತ್ತಿ.

ಈಗ ವಿಡಿಯೊ ಮತ್ತು ಧ್ವನಿ ಎರಡನ್ನೂ ಆರಿಸಿ, ಬಲ ಕ್ಲಿಕ್ಕಿನಲ್ಲಿ ಲಿಂಕ್ ಮಾಡಿ. ಮುಂದೆ ಎಂದಾದರೂ ಎರಡೂ ಬೇರೆಬೇರೆಯಾಗಿ ಸರಿದರೆ, ಎಷ್ಟು ಫ್ರೇಮು ತಪ್ಪಿದೆಯೆಂದು ಕ್ಲಿಪ್ಪಿನ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ ಕಾಣಿಸುತ್ತದೆ. ಆ ಅಂಕಿಯ ಮೇಲೆ ಬಲ ಕ್ಲಿಕ್ ಮಾಡಿ ಮೂವ್ ಇಂಟು ಸಿಂಕ್ ಆರಿಸಿದರೆ ಸಾಕು. ಧ್ವನಿಯ ಎರಡೂ ತುದಿಗಳಲ್ಲಿ ಎರಡು ಮೂರು ಫ್ರೇಮಿನ ಫೇಡ್ ಕೊಡಿ, ಇಲ್ಲದಿದ್ದರೆ ಕತ್ತರಿಸಿದ ಜಾಗದಲ್ಲಿ ‘ಟಕ್’ ಎಂಬ ಸದ್ದು ಉಳಿಯಬಹುದು. ಹಾಡು ಕೇಳುವಷ್ಟು ಹೊತ್ತು ಸಂಗೀತವನ್ನು ತಗ್ಗಿಸಿ. ಅಜ್ಜಿಯ ದನಿ ಮೆಲ್ಲಗಿದ್ದರೆ ಸಂಗೀತವನ್ನು ಪೂರ್ತಿ ನಿಲ್ಲಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಡಾವಿಂಚಿ ರಿಸಾಲ್ವ್‌ನಲ್ಲಿಯೂ ಮ್ಯಾಚ್ ಫ್ರೇಮಿಗೆ ಎಫ್ ಕೀಯೇ ಇದೆ, ಕ್ರಮವೂ ಹೆಚ್ಚುಕಡಿಮೆ ಇದೇ.

ಒಂದು ಸಂದರ್ಭದಲ್ಲಿ ಮಾತ್ರ ಈ ಕ್ರಮ ನಡೆಯದು. ಹಲವು ಕ್ಯಾಮೆರಾಗಳು ಸ್ಲೋ ಮೋಷನ್ ವಿಧಾನದಲ್ಲಿ ಧ್ವನಿಯನ್ನು ದಾಖಲಿಸುವುದೇ ಇಲ್ಲ. ಅಕ್ಷತೆ ಹಾರುವ ದೃಶ್ಯವನ್ನು ಹಾಗೆ ತೆಗೆದಿದ್ದರೆ ಮೂಲ ಫೈಲಿನಲ್ಲೂ ಏನೂ ಸಿಗದು. ಆಗ ಅದೇ ಹೊತ್ತಿಗೆ ಓಡುತ್ತಿದ್ದ ಇನ್ನೊಂದು ಕ್ಯಾಮೆರಾದ ಕ್ಲಿಪ್ಪನ್ನು ತೆರೆದು, ಗಟ್ಟಿಮೇಳದ ಸದ್ದನ್ನು ಅಲ್ಲಿಂದ ತಂದು ಕೆಳಗೆ ಹಾಸಬೇಕಾಗುತ್ತದೆ.