ಹೆಸರು ಒಂದೇ, ಮನುಷ್ಯ ಬೇರೆ

ಯಾದಗಿರಿಯ ನಮ್ಮ ಬ್ಯಾಂಕ್ ಶಾಖೆಗೆ ಒಂದು ದಿನ ಟೇಲರ್ ಚಾಚಾ ಒಬ್ಬರು ಖಾತೆ ತೆರೆಯಲು ಬಂದರು. ಮಗ ದುಬೈಗೆ ಕೆಲಸಕ್ಕೆ ಹೋಗಿದ್ದ, ದುಡ್ಡು ಕಳಿಸಬೇಕಿತ್ತು. ಆಧಾರ್, ಪ್ಯಾನ್, ಎರಡು ಫೋಟೊ, ಎಲ್ಲ ತಂದಿದ್ದರು. ಹೆಸರು ಟೈಪ್ ಮಾಡಿದೆ. ಸ್ಕ್ರೀನ್ ಮೇಲೆ ಕೆಂಪು ಸಾಲೊಂದು ಬಂತು. ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯಲ್ಲಿರುವ ಒಂದು ಹೆಸರಿಗೆ ಇದು ಹೋಲುತ್ತದೆಯಂತೆ.

ಮ್ಯಾನೇಜರ್ ತಲೆ ಎತ್ತದೆ ಅಂದರು, "ಕಾಗದ ಸರಿ ಇಲ್ಲಂತ ಹೇಳಿ ಕಳಿಸಿಬಿಡ್ರಿ. ಸುಮ್ನೆ ಯಾಕ ರಿಸ್ಕು?"

ಕಾಗದ ಸರಿಯಾಗಿಯೇ ಇದ್ದವು. "ಒಂದೆರಡು ದಿನ ಬಿಟ್ಟು ಬರ್ರಿ ಚಾಚಾ" ಅಂದೆ. ಆ ಕೆಂಪು ಸಾಲನ್ನು ಅದುವರೆಗೆ ಎಷ್ಟೋ ಸಲ ನೋಡಿದ್ದೆ. ಆ ಪಟ್ಟಿ ಎಲ್ಲಿಂದ ಬಂತು ಅಂತ ಮಾತ್ರ ಕೇಳಿಕೊಂಡಿರಲಿಲ್ಲ. ಆ ರಾತ್ರಿ ಊಟ ಮುಗಿಸಿ ಓದಲು ಕೂತೆ.

1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಂನ ಅಮೆರಿಕ ರಾಯಭಾರ ಕಚೇರಿಗಳಲ್ಲಿ ಬಾಂಬ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಅದರ ಹಿಂದಿದ್ದ ಅಲ್ ಖೈದಾ ನಾಯಕ ಬಿನ್ ಲಾಡೆನ್ ಆಗ ತಾಲಿಬಾನ್ ಆಳುತ್ತಿದ್ದ ಅಫ್ಘಾನಿಸ್ತಾನದಲ್ಲಿದ್ದ. ಅವನನ್ನು ಒಪ್ಪಿಸಿ, ಇಲ್ಲದಿದ್ದರೆ ನಿಮ್ಮ ಹಣ ತಡೆಯುತ್ತೇವೆ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1999ರ ಅಕ್ಟೋಬರ್‌ನಲ್ಲಿ ತಾಲಿಬಾನಿಗೆ ಹೇಳಿತು. ಅದೇ 1267ನೇ ನಿರ್ಣಯ. ಪಟ್ಟಿ ಬೆಳೆದದ್ದು ಅಲ್ಲಿಂದ. 2001ರ ಸೆಪ್ಟೆಂಬರ್ 11 ಆಗಿ ಹದಿನೇಳೇ ದಿನಕ್ಕೆ 1373ನೇ ನಿರ್ಣಯ ಬಂತು. ಭಯೋತ್ಪಾದನೆಗೆ ಹಣ ಕೊಡುವುದನ್ನು ಪ್ರತಿ ದೇಶವೂ ಅಪರಾಧ ಅಂತ ಮಾಡಲೇಬೇಕು ಅಂತ.

ಇದರಲ್ಲಿ ಒಂದು ತಮಾಷೆ ಇದೆ. ಭಯೋತ್ಪಾದನೆ ಅಂದರೆ ಏನು ಅಂತ ದೇಶಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಭಾರತ 1996ರಲ್ಲೇ ಒಂದು ಸಮಗ್ರ ಒಪ್ಪಂದದ ಕರಡು ಕೊಟ್ಟಿತ್ತು. ಸ್ವಾತಂತ್ರ್ಯಕ್ಕೆ ಹೋರಾಡುವವರು ಯಾರು, ಉಗ್ರರು ಯಾರು, ಸೈನ್ಯ ಮಾಡಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಇಂಥ ಜಗಳದಲ್ಲೇ ಅದು ಕೂತಿದೆ. ಅರ್ಥ ಏನೇ ಇರಲಿ, ದುಡ್ಡಂತೂ ತಡೆಯೋಣ ಅಂತ ಎಲ್ಲರೂ ಒಪ್ಪಿದರು. ಆ ಒಪ್ಪಿಗೆ ಮೆಟ್ಟಿಲಿಳಿದು ಇಳಿದು ನನ್ನ ಕೌಂಟರಿಗೆ ಬಂದು ನಿಂತಿದೆ.

ಆದರೆ ದುಡ್ಡು ಅಂದರೆ ಎಷ್ಟು? ಸೆಪ್ಟೆಂಬರ್ 11ರ ದಾಳಿಗೆ ಖರ್ಚಾದದ್ದು ನಾಲ್ಕರಿಂದ ಐದು ಲಕ್ಷ ಡಾಲರ್ ಅಂತ ಅಮೆರಿಕದ ತನಿಖಾ ಆಯೋಗ ಅಂದಾಜು ಮಾಡಿತು. ಅದರಲ್ಲಿ ಬಹಳಷ್ಟು ಸಾಮಾನ್ಯ ಬ್ಯಾಂಕ್ ಖಾತೆಗಳಲ್ಲೇ ಓಡಾಡಿತ್ತು. ನಾವು 10 ಲಕ್ಷ ರೂಪಾಯಿ ದಾಟಿದ ನಗದು ವ್ಯವಹಾರವನ್ನು ತಿಂಗಳಿಗೊಮ್ಮೆ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡುತ್ತೇವೆ. ಹತ್ತಿ ಸೀಸನ್‌ನಲ್ಲಿ ಅಂಥ ವರದಿ ಜಾಸ್ತಿ. ಅವರೆಲ್ಲ ಅಡತಿ ಅಂಗಡಿಯವರು! ಮೊತ್ತ ನೋಡಿ ಏನೂ ತಿಳಿಯುವುದಿಲ್ಲ ಅಂತಲೇ ಹೆಸರು ನೋಡುತ್ತಾರೆ. ಹೆಸರಿನದ್ದು ಬೇರೆಯೇ ಪೇಚಾಟ.

ಮುಂಬೈ ದಾಳಿಯ ಮರುತಿಂಗಳೇ, 2008ರ ಡಿಸೆಂಬರ್‌ನಲ್ಲಿ, ಭಯೋತ್ಪಾದನೆ ತಡೆಯುವ ನಮ್ಮ ಯುಎಪಿಎ ಕಾಯ್ದೆಗೆ 51ಎ ಕಲಂ ಸೇರಿತು. ಪಟ್ಟಿಯಲ್ಲಿರುವವರ ಹಣ ತಡೆಹಿಡಿಯುವ ಅಧಿಕಾರ ಅದು. ಹೆಸರು, ವಿವರ ನಿಜವಾಗಿಯೂ ತಾಳೆಯಾದರೆ 24 ಗಂಟೆಯೊಳಗೆ ಬ್ಯಾಂಕು ಗೃಹ ಸಚಿವಾಲಯಕ್ಕೆ ತಿಳಿಸಬೇಕು. ಮ್ಯಾನೇಜರ್ ಹೆದರಿದ್ದು ಇದಕ್ಕೇ. ಆದರೆ ತಾಳೆ ಆಗಬೇಕಲ್ವಾ?

ಮರುದಿನ ಪಟ್ಟಿಯ ಆ ನಮೂದನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿ ಚಾಚಾನ ಕಾಗದ ಹರಡಿದೆ. ಆಧಾರ್‌ನಲ್ಲಿ, ಪ್ಯಾನ್‌ನಲ್ಲಿ, ರೇಷನ್ ಕಾರ್ಡಿನಲ್ಲಿ ಹೆಸರಿನ ಸ್ಪೆಲಿಂಗ್ ಮೂರು ಥರ. ಹುಟ್ಟಿದ ದಿನ ಜೂನ್ 1. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದೇ ಜೂನ್ 1ಕ್ಕೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಪಟ್ಟಿಯವನಿಗೂ ಖಚಿತ ತಾರೀಕಿಲ್ಲ, ಸುಮಾರು ಇಸವಿ ಮಾತ್ರ. ಅಲ್ಲಿಗೆ ಹುಟ್ಟಿದ ದಿನ ಕೈಕೊಟ್ಟಿತು. ತಂದೆಯ ಹೆಸರು ನೋಡಿದೆ, ಬೇರೆ. ಹುಟ್ಟಿದ ಊರು, ಬೇರೆ ದೇಶದ್ದು. ಚಾಚಾ ಹುಟ್ಟಿದ್ದು ಶಹಾಪುರದ ಹತ್ತಿರದ ಹಳ್ಳಿಯಲ್ಲಿ, ಹಳೇ ಶಾಲಾ ದಾಖಲೆಯೂ ಸಿಕ್ಕಿತು. ಒಂದೊಂದೇ ಸಾಲು ಬರೆದು, "ಈ ವ್ಯಕ್ತಿ ಅವನಲ್ಲ" ಅಂತ ಷರಾ ಹಾಕಿ ಮೇಲಿನ ಕಚೇರಿಗೆ ಕಳಿಸಿದೆ. ಎರಡು ದಿನಕ್ಕೆ ಒಪ್ಪಿಗೆ ಬಂತು. ಮ್ಯಾನೇಜರ್ ಏನೂ ಅನ್ನದೆ ಸಹಿ ಮಾಡಿದರು.

ಪಟ್ಟಿಗೆ ತಪ್ಪಾಗಿ ಸೇರಿದವರ ಪಾಡು ಇದಕ್ಕಿಂತ ಕಷ್ಟ. ತಮ್ಮ ಹೆಸರು ತೆಗೆಸಲು ಅರ್ಜಿ ಕೊಡುವುದಕ್ಕೆ ಸ್ವತಂತ್ರ ಓಂಬುಡ್ಸ್‌ಪರ್ಸನ್ ಅಂತ ಒಬ್ಬರನ್ನು ವಿಶ್ವಸಂಸ್ಥೆ ನೇಮಿಸಲು ಮುಂದಾದದ್ದೇ 2009ರ ಕೊನೆಗೆ. ಹತ್ತು ವರ್ಷ ತಡವಾಗಿ!

ಪಾಸ್‌ಬುಕ್ ತೊಗೊಳ್ಳುವಾಗ ಚಾಚಾ ಮೆಲ್ಲಗೆ ಕೇಳಿದರು, "ನನ್ನ ಹೆಸರಾಗ ಏನ್ ತಪ್ಪಿತ್ತರಿ ಮೇಡಂ?"

"ನಿಮ್ಮದೇನೂ ತಪ್ಪಿಲ್ಲ ಚಾಚಾ. ಅದೇ ಹೆಸರಿನವನು ಇನ್ನೊಬ್ಬ ಇದ್ದಾನ" ಅಂದೆ.

"ಅಯ್ಯ, ನಮ್ಮ ಓಣ್ಯಾಗೇ ಮೂವರು ಅದಾರ" ಅಂತ ನಕ್ಕರು.

ಪಟ್ಟಿಗೆ ತಿದ್ದುಪಡಿ ಬಂದಾಗೆಲ್ಲ ಕಂಪ್ಯೂಟರ್ ಹಳೇ ಖಾತೆಗಳನ್ನೂ ಮತ್ತೆ ತಾಳೆ ನೋಡುತ್ತದೆ. ಚಾಚಾನ ಹೆಸರು ಮತ್ತೆ ಕೆಂಪಾಗುತ್ತದೆ. ಫೈಲ್ ತೆಗೆದು, ನನ್ನ ಷರಾ ಓದಿ, ಮುಚ್ಚುತ್ತೇನೆ.