ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಗೇಮ್: ಮೊದಲು ಆಟ ನೋಡಿ, ಆಮೇಲೆ ಫಾರ್ಮ್ಯಾಟ್ ಮಾಡಿ

ಬಾಗಲಕೋಟೆಯ ನವನಗರ, ವಿದ್ಯಾಗಿರಿ ಕಡೆಯ ಹುಡುಗರು ಹಳೆ ಲ್ಯಾಪ್‌ಟಾಪ್ ಹಿಡಿದು ಬಂದರೆ ಕೇಳುವುದು ಒಂದೇ: "ಲಿನಕ್ಸ್ ಹಾಕಿದ್ರ ಗೇಮ್ ನಡೀತಾವೇನ್ರಿ?" ಅವರ ಚಿಂತೆಗೆ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಇಂಟೆಲ್ ಆರನೇ, ಏಳನೇ ಜನರೇಶನ್‌ನ ಬಹುತೇಕ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅವು ಇನ್ನೂ ಗಟ್ಟಿಯಾಗಿವೆ, ಮೂಲೆಗೆ ಹಾಕುವಂಥವಲ್ಲ. ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವ ಯೋಚನೆ.

ಉತ್ತರ: ಬಹಳಷ್ಟು ನಡೆಯುತ್ತವೆ. ಆದರೆ ನಿಮ್ಮ ಆಟ ನಡೆಯುತ್ತದೋ ಇಲ್ಲವೋ ಎಂದು ಮೊದಲೇ ನೋಡಿಕೊಳ್ಳಿ. ಪ್ರೋಟಾನ್‌ಡಿಬಿ ಎಂಬ ಸೈಟ್‌ನಲ್ಲಿ ಆಟದ ಹೆಸರು ಹಾಕಿ. ಪ್ಲಾಟಿನಮ್, ಗೋಲ್ಡ್ ಎಂದಿದ್ದರೆ ತಲೆಬಿಸಿ ಬೇಡ. ಬೋರ್ಕ್ಡ್ ಎಂದಿದ್ದರೆ ಆಸೆ ಬಿಡಿ. ತೊಂದರೆ ಹೆಚ್ಚಾಗಿ ಆನ್‌ಲೈನ್ ಆಟಗಳದ್ದು. ಮೋಸದಾಟ ತಡೆಯುವ ಆ್ಯಂಟಿಚೀಟ್ ತಂತ್ರಾಂಶ ಲಿನಕ್ಸನ್ನು ಒಪ್ಪದಿದ್ದರೆ ನಾವು ಏನೂ ಮಾಡಲಾಗದು. ವ್ಯಾಲರಂಟ್, ಫೋರ್ಟ್‌ನೈಟ್ ನಡೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ನಡೆಯುತ್ತಿತ್ತು, 2024ರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಜಿಟಿಎ 5ರಲ್ಲಿ ಕಥೆಯ ಭಾಗ ಆಡಬಹುದು, ಆನ್‌ಲೈನ್ ಇಲ್ಲ. ದಿನಾ ಸಂಜೆ ಗೆಳೆಯರ ಜೊತೆ ವ್ಯಾಲರಂಟ್ ಆಡುವವರು ಸುಮ್ನೆ ವಿಂಡೋಸ್‌ನಲ್ಲೇ ಇರಿ.

ಆಟ ಸರಿಯಿದ್ದರೆ ಮುಂದಿನದು ಗ್ರಾಫಿಕ್ಸ್ ಡ್ರೈವರ್. ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಹೊಸಬರಿಗೆ ಲಿನಕ್ಸ್ ಮಿಂಟ್ ಒಳ್ಳೆಯದು. ಇಂಟೆಲ್, ಎಎಂಡಿ ಗ್ರಾಫಿಕ್ಸ್‌ಗೆ ಬೇಕಾದ್ದು ಅದರಲ್ಲೇ ಇರುತ್ತದೆ, ಅಪ್‌ಡೇಟ್ ಮಾಡಿದರೆ ಸಾಕು. ಎನ್‌ವಿಡಿಯಾ ಇದ್ದರೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದು, ರೆಕಮೆಂಡೆಡ್ ಎಂದು ಬರೆದಿರುವುದನ್ನು ಆರಿಸಿ, ರೀಸ್ಟಾರ್ಟ್ ಮಾಡಿ.

ಈಗ ಆಟಗಳನ್ನು ಕೊಳ್ಳಲು, ಇಳಿಸಲು ಬಳಸುವ ಸ್ಟೀಮ್ ಎಂಬ ಆ್ಯಪ್ ಹಾಕಿ. ಸ್ಟೀಮ್ ಸೈಟ್‌ನಲ್ಲೇ ಸಿಗುವ ಡೆಬ್ ಫೈಲ್ (ಮಿಂಟ್‌ನಲ್ಲಿ ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ. ಲಾಗಿನ್ ಆಗಿ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ. ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಎಂಬ ಗುಂಡಿ ಕಂಡರೆ ಆನ್ ಮಾಡಿ. ಇಷ್ಟಾದರೆ ಪ್ರೋಟಾನ್ ತಾನೇ ಬರುತ್ತದೆ. 1993ರಿಂದ ಬೆಳೆದು ಬಂದ ವೈನ್ ಎಂಬ, ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶದ ಮೇಲೆ ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2018ರಲ್ಲಿ ಇದನ್ನು ಹೊರತಂದಿತು. ಆಟ ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್‌ಗೆ ಹೇಳುವ ಮಾತನ್ನು ಇದು ಲಿನಕ್ಸ್‌ಗೆ ಗೊತ್ತಿರುವ ವಲ್ಕನ್‌ಗೆ ಬದಲಿಸಿ ಹೇಳುತ್ತದೆ. ಆಟ ಶುರುವಾಗುವ ಮುಂಚೆ ವಲ್ಕನ್ ಶೇಡರ್ಸ್ ಎಂದು ತೋರಿಸುತ್ತಾ ಕಾಯಿಸಬಹುದು. ಹ್ಯಾಂಗ್ ಆಯಿತೆಂದು ಮುಚ್ಚಬೇಡಿ.

ಐವತ್ತು, ನೂರು ಜಿಬಿ ಆಟವನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವುದು ಆಗದ ಮಾತು, ಅಲ್ವಾ? ಹಾಸ್ಟೆಲ್‌ನಲ್ಲಿ ಗೆಳೆಯನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅದೇ ಆಟ ಇದ್ದರೆ ಎರಡನ್ನೂ ಒಂದೇ ವೈಫೈಗೆ ಜೋಡಿಸಿ. ಅವನ ಸ್ಟೀಮ್‌ನ ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್‌ಗೆ ಗೆಳೆಯರಿಗೂ ಅನುಮತಿ ಕೊಡಿಸಿ. ನೀವು ಇನ್‌ಸ್ಟಾಲ್ ಒತ್ತಿದಾಗ ಫೈಲ್‌ಗಳು ಅಲ್ಲಿಂದಲೇ ಬರುತ್ತವೆ, ಡೇಟಾ ಉಳಿಯುತ್ತದೆ. ನಿಮ್ಮ ಅಕೌಂಟ್‌ನಲ್ಲೂ ಆ ಆಟ ಇರಬೇಕು, ಅಷ್ಟೆ.

ಬಹಳ ಜನ ಎಡವುವುದು ಇನ್ನೊಂದು ಕಡೆ. ವಿಂಡೋಸ್ ಕಾಲದ ಡಿ ಡ್ರೈವ್‌ನಲ್ಲಿ ಆಟ ಇದೆಯಲ್ಲ, ಅದನ್ನೇ ತೋರಿಸಿದರಾಯಿತು ಅಂದುಕೊಳ್ಳುತ್ತಾರೆ. ಆ ಡ್ರೈವ್ ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಫಾರ್ಮ್ಯಾಟ್‌ನದು. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ನಕಲಿ ಸಿ ಡ್ರೈವ್ ಕಟ್ಟುತ್ತದೆ. ಅದರೊಳಗೆ ಸಿ ಅಕ್ಷರದ ನಂತರ ಎರಡು ಚುಕ್ಕೆ (c:) ಇರುವ ಹೆಸರಿನ ಲಿಂಕ್ ಇರುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಆ ಎರಡು ಚುಕ್ಕೆ ನಿಷಿದ್ಧ. ಹಾಗಾಗಿ ಅಂಥ ಡ್ರೈವ್‌ನಲ್ಲಿ ಆಟ ತೆರೆದು ತಟ್ಟನೆ ಮುಚ್ಚಿಕೊಳ್ಳಬಹುದು, ಡ್ರೈವ್‌ನಲ್ಲೂ ದೋಷ ಕಾಣಿಸಬಹುದು. ಆಟಗಳನ್ನು ಲಿನಕ್ಸ್‌ನ ಫಾರ್ಮ್ಯಾಟ್ ಆದ ಇಎಕ್ಸ್‌ಟಿ4 ಡ್ರೈವ್‌ನಲ್ಲೇ ಇಡಿ.

ಎಪಿಕ್, ಜಿಒಜಿ ಎಂಬ ಬೇರೆ ಆನ್‌ಲೈನ್ ಅಂಗಡಿಗಳ ಆಟಗಳಿಗೆ ಹೀರೋಯಿಕ್ ಲಾಂಚರ್, ಹಳೆ ಸಿಡಿ ಆಟಗಳಿಗೆ ಲೂಟ್ರಿಸ್ ಇವೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಕ್ರ್ಯಾಕ್ ಗೇಮ್ ಮಾತ್ರ ಬೇಡ. ಲಿನಕ್ಸ್‌ಗೆ ವೈರಸ್ ಬರಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ವೈನ್‌ನ ಝಡ್ ಡ್ರೈವ್ ಮೂಲಕ ಆ ಪ್ರೋಗ್ರಾಮ್ ನಿಮ್ಮ ಫೋಟೊ, ಪ್ರಾಜೆಕ್ಟ್ ಫೈಲ್ ಎಲ್ಲವನ್ನೂ ಮುಟ್ಟಬಲ್ಲದು.

ನಮ್ಮ ಕಡೆ ಏಪ್ರಿಲ್ ಬಂದರೆ ಬಿಸಿಲು ಗೊತ್ತೇ ಇದೆ. ಆಟದ ಸೆಟ್ಟಿಂಗ್‌ನಲ್ಲಿ ಫ್ರೇಮ್ ಸೆಕೆಂಡಿಗೆ 30ಕ್ಕೆ ಮಿತಿ ಮಾಡಿ, ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಡಬೇಡಿ.

ಇಷ್ಟೆಲ್ಲ ಮಾಡಿಯೂ ಆಟ ತೆರೆಯದಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಬೇರೆ ಪ್ರೋಟಾನ್ ಆರಿಸಿ. ಪ್ರೋಟಾನ್ ಎಕ್ಸ್‌ಪೆರಿಮೆಂಟಲ್‌ನಿಂದ ಶುರು ಮಾಡಿ. ಅದಕ್ಕೂ ಬಗ್ಗದಿದ್ದರೆ ಸ್ಟೀಮ್‌ಆ್ಯಪ್ಸ್ ಫೋಲ್ಡರ್‌ನ ಕಂಪ್ಯಾಟ್‌ಡೇಟಾದಲ್ಲಿ ಆ ಆಟದ ನಂಬರಿನ ಫೋಲ್ಡರ್ ಅಳಿಸಿ ಮತ್ತೆ ಆಟ ತೆರೆಯಿರಿ. ಕ್ಲೌಡ್ ಸೇವ್ ಇಲ್ಲದ ಆಟಗಳ ಸೇವ್ ಫೈಲ್ ಅದರೊಳಗೇ ಇರಬಹುದು, ಅಳಿಸುವ ಮುಂಚೆ ಕಾಪಿ ತೆಗೆದಿಡಿ.