ಊರಿನ ಕ್ಯಾಲೆಂಡರು ಮೊದಲು, ಕ್ಲಬ್ಬಿನದು ಆಮೇಲೆ

ನಮ್ಮ ಲಯನ್ಸ್ ಕ್ಲಬ್ಬಿಗೆ ಜುಲೈ 1 ಹೊಸ ವರ್ಷ. 1917ರಲ್ಲಿ ಲಯನ್ಸ್ ಹುಟ್ಟಿದ ಚಿಕಾಗೋದಲ್ಲಿ ಆಗ ಒಳ್ಳೆ ಬಿಸಿಲು; ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಆಚೀಚೆ ಮಾತ್ರ ಬಿಡದೆ ಹೊಯ್ಯುವ ಮಳೆ. ಅಡಿಕೆಗೆ ಕೊಳೆರೋಗದ ಮೊದಲ ಮದ್ದನ್ನು ಮಳೆ ಹಿಡಿಯುವ ಮುಂಚೆ ಬಿಟ್ಟಿರುತ್ತಾರೆ. 40–45 ದಿನ ಕಳೆದು ಎರಡನೆಯದು, ಅಂದರೆ ಸರೀ ಜುಲೈ ನಡುವಿಗೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಎಲ್ಲ ಹೊಂದಿಸಿಟ್ಟು, ಮದ್ದು ಬಿಡುವವನನ್ನೂ ಗೊತ್ತು ಮಾಡಿ, ಒಂದು ಹೊತ್ತು ಹೊಳವಾದರೆ ಸಾಕು ಎಂದು ಆಕಾಶ ನೋಡುತ್ತಿರುವವರನ್ನು ‘ವಾರ್ಷಿಕ ಯೋಜನೆ ಚರ್ಚಿಸಲು ಬನ್ನಿ’ ಎಂದು ಕರೆದರೆ ಯಾರು ಬರುತ್ತಾರೆ? ಪದಗ್ರಹಣಕ್ಕೆ ಬರುತ್ತಾರೆ, ಊಟ ಇದೆ. ಮುಂದಿನ ಸಭೆಗೆ ಅಧ್ಯಕ್ಷರು, ಖಜಾಂಚಿ ಮತ್ತು ನಾನು.

ನಾನು ಈ ಕ್ಲಬ್ಬಿನ ಕಾರ್ಯದರ್ಶಿ. ಪೇಟೆಯಲ್ಲಿ ನನ್ನದೊಂದು ಡಿ.ಟಿ.ಪಿ., ಜೆರಾಕ್ಸ್ ಅಂಗಡಿ. ಲಯನ್ಸಿನಲ್ಲಿ ಹೆಂಗಸರಿಗೆ ಸದಸ್ಯತ್ವ ಸಿಕ್ಕಿದ್ದೇ 1987ರಲ್ಲಿ. ನಮ್ಮ ಕಡೆ ಅದು ಕಾರ್ಯದರ್ಶಿಯ ಕುರ್ಚಿವರೆಗೆ ಬರಲು ಇನ್ನಷ್ಟು ಕಾಲ ಬೇಕಾಯಿತು. ಮೊನ್ನೆ ಪಕ್ಕದ ಪೇಟೆಯ ಕ್ಲಬ್ಬಿನ ಹೊಸ ಕಾರ್ಯದರ್ಶಿ ಅಂಗಡಿಗೆ ಬಂದಾಗ, “ಅಕ್ಕಾ, ನಿಮ್ಮಲ್ಲಿ ಜನ ಹೇಗೆ ಸೇರ್ತಾರೆ?” ಎಂದು ಕೇಳಿದರು. ಗಿರಾಕಿಗಳ ನಡುವೆ ಹೇಳಿ ಮುಗಿಯುವ ವಿಷಯ ಅಲ್ಲ, ಬರೆದು ಕೊಡುತ್ತೇನೆ ಎಂದೆ.

ಮೊದಲ ಕೆಲಸ ಒಂದು ದೊಡ್ಡ ಹಾಳೆ. ಅದರಲ್ಲಿ ಜುಲೈಯಿಂದ ಜೂನ್‌ವರೆಗೆ ಗೀಟು ಹಾಕಿ, ಕ್ಲಬ್ಬಿನದು ಏನನ್ನೂ ಬರೆಯದೆ, ಊರಿನದ್ದನ್ನು ಮಾತ್ರ ತುಂಬಿಸುತ್ತೇನೆ. ಮದ್ದು ಬಿಡುವ ಸಮಯ. ಚೌತಿ. ಶಾಲೆಗಳ ಓಣಂ ಪರೀಕ್ಷೆ, ಓಣಂ ರಜೆ. ನವರಾತ್ರಿ. ದೀಪಾವಳಿ ಕಳೆದ ಮೇಲೆ ಭೂತಗಳ ಕೋಲ, ನೇಮ, ಯಕ್ಷಗಾನದ ಆಟಗಳು ಶುರು. ಅಲ್ಲಿಂದ ಅವೆಲ್ಲ ನಿಲ್ಲುವ ದಿನವಾದ ಪತ್ತನಾಜೆವರೆಗೆ, ಅಂದರೆ ಮೇ ಕೊನೆಗೆ ಬರುವ ತುಳುವರ ಬೇಶ ತಿಂಗಳ ಹತ್ತನೇ ದಿನದವರೆಗೆ, ರಾತ್ರಿ ಹೊತ್ತಿನ ಸಭೆ ಎಂಬ ಆಸೆಯನ್ನೇ ಬಿಡಬೇಕು. ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ, ಮೇಷ್ಟ್ರುಗಳು ಸಿಗುವುದಿಲ್ಲ, ಶಾಲೆಯ ಹಾಲೂ ಸಿಗುವುದಿಲ್ಲ. ರಂಜಾನ್ ವರ್ಷ ವರ್ಷ ಹನ್ನೊಂದು ದಿನದಷ್ಟು ಹಿಂದೆ ಬರುತ್ತದೆ, ಹಾಗಾಗಿ ಹಳೆ ಹಾಳೆ ನೋಡಿ ಹೊಸದನ್ನು ಬರೆಯುವ ಹಾಗಿಲ್ಲ. ಇಷ್ಟೆಲ್ಲ ತುಂಬಿದ ಮೇಲೆ ಉಳಿಯುವ ಬಿಳಿ ಜಾಗವೇ ಕ್ಲಬ್ಬಿನದು. ಅದು ಕಡಿಮೆಯೇ. ಆದರೆ ಅಲ್ಲಿಟ್ಟ ಕಾರ್ಯಕ್ರಮಕ್ಕೆ ಜನ ಬರುತ್ತಾರೆ.

ಲಯನ್ಸಿನ ಮೇಲಿನವರು ಕಳಿಸುವ ಕ್ಯಾಲೆಂಡರು ಬೇರೆಯೇ. ಅಕ್ಟೋಬರಿನ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ. ಗುರುವಾರ ಇಲ್ಲಿ ಶಾಲೆ ಇರುತ್ತದೆ. ಕೂಲಿಗೆ ಹೋಗುವವರು ಸಂಬಳ ಬಿಟ್ಟು ಕಣ್ಣು ತೋರಿಸಲು ಬರುವುದಿಲ್ಲ. ಆ ದಿನ ಶಾಲೆ ಮಕ್ಕಳಿಗೆ ಒಂದು ಸಣ್ಣ ಮಾತು, ಅಷ್ಟೇ. ಶಿಬಿರ ನವರಾತ್ರಿ ಮುಗಿದ ಮೇಲಿನ ಭಾನುವಾರ. ವರದಿಯಲ್ಲಿ ತಾರೀಕು ಸ್ವಲ್ಪ ಆಚೀಚೆ ಆಯಿತೆಂದು ಯಾರೂ ಕೇಳಿದ್ದಿಲ್ಲ.

1925ರಲ್ಲಿ ಹೆಲೆನ್ ಕೆಲರ್ ಬಂದು ಕೇಳಿಕೊಂಡಂದಿನಿಂದ ಕಣ್ಣಿನ ಕೆಲಸ ಲಯನ್ಸಿಗೆ ಅಂಟಿಕೊಂಡಿದೆ. ಹಾಗಾಗಿ ಎಲ್ಲ ಕ್ಲಬ್ಬುಗಳೂ ಕಣ್ಣಿನ ಶಿಬಿರ ಮಾಡುತ್ತವೆ, ಮರುದಿನ ಪೇಪರಿನಲ್ಲಿ ದೀಪ ಬೆಳಗಿಸುವ ಫೋಟೋ ಬರುತ್ತದೆ. ನನ್ನ ಲೆಕ್ಕದಲ್ಲಿ ಶಿಬಿರದ ದಿನ ಸುಲಭದ ದಿನ. ನೋಟೀಸು ಕನ್ನಡ–ಮಲಯಾಳ ಎರಡರಲ್ಲೂ ಒಂದೇ ಹಾಳೆಯಲ್ಲಿ. ಆಟೋದ ಮೈಕಿನಲ್ಲಿ ತುಳು. ನೋಟೀಸು ಹಂಚುವುದು ಕ್ಲಬ್ಬಿನವರಲ್ಲ, ಕುಟುಂಬಶ್ರೀಯ ಅಯಲ್ಕೂಟಗಳು, ಅಂದರೆ ನೆರೆಕರೆಯ ಹೆಂಗಸರ ಸ್ವಸಹಾಯ ಗುಂಪುಗಳು, ಮತ್ತು ಆಶಾ ಕಾರ್ಯಕರ್ತೆಯರು. ಯಾವ ಮನೆಯ ಅಜ್ಜಿ ಬಾಗಿಲ ಪಡಿ ಎಡವುತ್ತಾಳೆ ಎಂದು ಅವರಿಗೇ ಗೊತ್ತು. ಪಂಚಾಯತಿಗೂ ಕುಟುಂಬ ಆರೋಗ್ಯ ಕೇಂದ್ರಕ್ಕೂ ಮೊದಲೇ ಪತ್ರ. ಶಾಲೆಯಲ್ಲಿ ಉದ್ದದ ವರಾಂಡ ಇರುವ ಕಡೆಯೇ ಬೇಕು, ಅಕ್ಷರದ ಚಾರ್ಟಿಗೆ 6 ಮೀಟರ್ ದೂರ ಬೇಕಲ್ಲ. ಓದಲು ಬಾರದವರಿಗೆ ಬೇರೆ ಬೇರೆ ದಿಕ್ಕಿಗೆ ತಿರುಗಿದ ಗುರುತಿನ ಚಾರ್ಟು. ಬೆರಳಿನಲ್ಲಿ ದಿಕ್ಕು ತೋರಿಸಿದರಾಯಿತು. ಬಿ.ಪಿ., ಶುಗರ್ ನೋಡುವ ಮೇಜನ್ನು ಡಾಕ್ಟರ ಕೋಣೆಗಿಂತ ಮೊದಲು ಇಡಿಸುತ್ತೇನೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಪೊರೆಯ ಆಪರೇಶನ್ ಮುಂದೆ ಹಾಕುತ್ತಾರೆ. ಆಸ್ಪತ್ರೆವರೆಗೆ ಕರೆದುಕೊಂಡು ಹೋಗಿ ಅಲ್ಲಿಂದ ವಾಪಸು ಕಳಿಸಿದರೆ ಆ ಮನುಷ್ಯ ಇನ್ನು ಯಾವ ಶಿಬಿರಕ್ಕೂ ಬರುವುದಿಲ್ಲ.

ಕಷ್ಟದ ಕೆಲಸ ಆಪರೇಶನ್ ಆದ ಮೇಲಿನದು. ನಾಲ್ಕರಿಂದ ಆರು ವಾರ ಕಣ್ಣಿಗೆ ಮದ್ದು ಬಿಡಬೇಕು, ಮೊದಮೊದಲು ದಿನಕ್ಕೆ ಹಲವು ಸಲ. ಒಬ್ಬರೇ ಇರುವ ಮುದುಕರಿಗೆ ಯಾರು ಬಿಡುವುದು? ಪಟ್ಟಿಯಲ್ಲಿ ಪ್ರತಿ ಹೆಸರಿನ ಎದುರು ‘ಮದ್ದು ಬಿಡುವವರು’ ಎಂದು ಒಂದು ಕಾಲಂ ಇಟ್ಟಿದ್ದೇನೆ. ಅದು ಖಾಲಿ ಇದ್ದರೆ ಹೆಸರು ಬಸ್ಸಿನ ಪಟ್ಟಿಗೆ ಹೋಗುವುದಿಲ್ಲ. ಮೊದಲು ಪಕ್ಕದ ಮನೆಯವರನ್ನೋ ಸದಸ್ಯರೊಬ್ಬರನ್ನೋ ಹುಡುಕುತ್ತೇವೆ. ಮರುತಪಾಸಣೆಯ ತಾರೀಕೂ ಅದೇ ಹಾಳೆಯಲ್ಲಿ. ಅವತ್ತು ಭಾಷಣ ಇಲ್ಲ, ಫೋಟೋ ಇಲ್ಲ, ಒಂದು ಜೀಪು ಮತ್ತು ಒಬ್ಬ ಸದಸ್ಯ. ‘ಜೀಪಿನಲ್ಲಿ ಯಾರು ಹೋಗ್ತೀರಿ’ ಎಂದು ಸಭೆಯಲ್ಲಿ ಕೇಳಿದಾಗ ಕೈ ಎತ್ತುವವರೇ ಕ್ಲಬ್ಬನ್ನು ನಡೆಸುವವರು ಎಂದು ನನ್ನ ಅಭಿಪ್ರಾಯ. ವೇದಿಕೆಯಲ್ಲಿ ಕೂರುವವರ ಬಗ್ಗೆ ನನಗೆ ತಕರಾರೇನೂ ಇಲ್ಲ, ಅವರೂ ಬೇಕು.

ಆಸ್ಪತ್ರೆ ಎಂದರೆ ನಮಗೆ ಹಿಂದಿನಿಂದಲೂ ಮಂಗಳೂರೇ. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿದ ಮೇಲೆ ಆ ಅಭ್ಯಾಸವನ್ನು ಸ್ವಲ್ಪ ಬದಲಾಯಿಸಿದ್ದೇವೆ. ಈಗ ಪ್ರತಿ ಶಿಬಿರಕ್ಕೂ ಗಡಿಯ ಈಚೆ ಒಂದು ಆಸ್ಪತ್ರೆಯ ಜೊತೆಯೂ ಮಾತಾಡಿ ಇಟ್ಟಿರುತ್ತೇವೆ. ಡಯಾಲಿಸಿಸ್‌ಗೆ ಹೋಗುವವರ ಪಟ್ಟಿಯೂ ಕ್ಲಬ್ಬಿನಲ್ಲಿದೆ. ಯಾರಿಗೆ ವಾರಕ್ಕೆ ಎಷ್ಟು ಸಲ, ಯಾವ ಗಾಡಿಯಲ್ಲಿ ಹೋಗುತ್ತಾರೆ ಎಂಬುದು ಕೂಡ.

ರಕ್ತದಾನದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಕೊಡುವವರಿಗೆ ಬರ ಇಲ್ಲ. ಪ್ರತಿ ಗುಡ್ಡೆಗೊಂದು ಫ್ರೆಂಡ್ಸ್ ಕ್ಲಬ್ಬು, ಯುವಕ ಮಂಡಲ. ತೊಂದರೆ ಏನೆಂದರೆ ಎಲ್ಲರೂ ಆಗಸ್ಟ್ 15ಕ್ಕೋ ಅಕ್ಟೋಬರ್ 2ಕ್ಕೋ ಶಿಬಿರ ಇಡುತ್ತಾರೆ. ಕೆಂಪು ಕಣ ಇಟ್ಟರೆ 35ರಿಂದ 42 ದಿನ ಉಳಿಯುತ್ತದೆ, ಪ್ಲೇಟ್ಲೆಟ್ ಬರೀ 5 ದಿನ. ಒಮ್ಮೆ ಕೊಟ್ಟ ಗಂಡಸು 90 ದಿನ, ಹೆಂಗಸು 120 ದಿನ ಮತ್ತೆ ಕೊಡುವಂತಿಲ್ಲ. ಒಂದೇ ವಾರ ಎಲ್ಲರ ಕೈಯಿಂದ ತೆಗೆದುಬಿಟ್ಟರೆ ಮತ್ತೆ ತಿಂಗಳುಗಟ್ಟಳೆ ಊರಿಗೆ ಊರೇ ‘ಕೊಟ್ಟಾಗಿದೆ’. ಏಪ್ರಿಲ್–ಮೇಯಲ್ಲಿ ಕಾಲೇಜಿಗೆ ರಜೆ ಬೇರೆ, ರಕ್ತ ಬೇಕೆಂಬ ಮೆಸೇಜು ಆಗಲೇ ಹೆಚ್ಚು. ಅದಕ್ಕೇ ನಾವು ದೊಡ್ಡ ಶಿಬಿರ ಬಿಟ್ಟೆವು. ಆಸುಪಾಸಿನ ಮಂಡಲಗಳ ಹುಡುಗರನ್ನೂ ಮಸೀದಿ ಕಮಿಟಿಯವರನ್ನೂ ಒಟ್ಟಿಗೆ ಕೂರಿಸಿ ತಿಂಗಳು ಹಂಚಿಕೊಂಡೆವು. ರಂಜಾನ್ ತಿಂಗಳಲ್ಲಿ ಯುವಕ ಮಂಡಲದವರು, ಶಬರಿಮಲೆಗೆ ಮಾಲೆ ಹಾಕುವ ಸಮಯದಲ್ಲಿ ಕುಂಬಳೆ ಕಡೆಯ ಮಸೀದಿ ಕಮಿಟಿಯ ಹುಡುಗರು, ಬೇಸಿಗೆ ನಮಗೆ. ನಾವು ಇಡುವುದು ಪತ್ತನಾಜೆಗೆ ಮೊದಲಿನ ಒಂದು ಭಾನುವಾರ, ಬೆಳಗ್ಗೆ ಬೇಗ, ಸೆಕೆ ಏರುವ ಮುಂಚೆ. 18 ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಬೇಕು. ಇದನ್ನೂ ನೋಟೀಸಿನಲ್ಲೇ ಬರೆಯುತ್ತೇನೆ. ಬಂದ ಹೆಂಗಸರಲ್ಲಿ ಎಷ್ಟೋ ಜನ ಹಿಮೋಗ್ಲೋಬಿನ್ ಸಾಲದೆ ಹಿಂದೆ ಹೋಗುತ್ತಾರೆ. ಅವರ ಹೆಸರು ಬರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇವೆ. ಸಂಖ್ಯೆಯಲ್ಲಿ ಅದು ರಕ್ತದಾನ ಅಲ್ಲ, ಆದರೆ ಆ ದಿನದ ಒಳ್ಳೆ ಕೆಲಸ ಅದೂ ಹೌದು.

ಇನ್ನು ನನಗೆ ಎಲ್ಲಕ್ಕಿಂತ ಹತ್ತಿರದ್ದು, ಹಾಸಿಗೆ ಹಿಡಿದವರಿಗೆ ಸಾಮಾನು ಕೊಡುವ ಕೆಲಸ. ಗಾಲಿಕುರ್ಚಿ, ವಾಕರ್, ಕಬ್ಬಿಣದ ಮಂಚ, ಏರ್ ಬೆಡ್. ನಮ್ಮ ಸುತ್ತಿನ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಪಂಚಾಯತುಗಳು ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದ ಊರುಗಳು. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಹೊಡೆದದ್ದು. ಹಾಸಿಗೆಯಲ್ಲೇ ದೊಡ್ಡವರಾದ ಮಕ್ಕಳು, ಅವರನ್ನು ಎತ್ತಿ ಎತ್ತಿ ಸೊಂಟ ಹೋದ ಅಮ್ಮಂದಿರು. ಪರಿಹಾರ, ಪಿಂಚಣಿ ಸರಕಾರದ ಕೆಲಸ, ಅದಕ್ಕೆ ಹೋರಾಡಿದವರು ಬೇರೆ ಇದ್ದಾರೆ. ಕ್ಲಬ್ಬಿನಿಂದ ಆಗುವುದು ಏರ್ ಬೆಡ್ಡಿನ ಮೋಟರು ಕೆಟ್ಟರೆ ಅದೇ ದಿನ ಬದಲಿ ಮುಟ್ಟಿಸುವುದು. ಒಂದು ರಾತ್ರಿ ಗಾಳಿ ಇಳಿದರೂ ಬೆನ್ನಿಗೆ ಹುಣ್ಣಾಗುತ್ತದೆ. ಹಾಗಾಗಿ ಬದಲಿ ಮೋಟರೊಂದು ಸದಾ ನನ್ನ ಅಂಗಡಿಯಲ್ಲಿ, ಜೆರಾಕ್ಸ್ ಪೇಪರಿನ ಕಟ್ಟುಗಳ ಪಕ್ಕ ಇರುತ್ತದೆ. ಬೆಡ್ ಇದೆ ಎಂದು ಮಗ್ಗುಲು ತಿರುಗಿಸುವುದನ್ನು ಬಿಡಬಾರದು, ಎರಡು ಗಂಟೆಗೊಮ್ಮೆ ತಿರುಗಿಸಲೇಬೇಕು. ಅದನ್ನು ಹೇಳಿಕೊಡಲು ಪಂಚಾಯತಿನ ಪಾಲಿಯೇಟಿವ್ ನರ್ಸ್ ಜೊತೆಯೇ ಹೋಗುತ್ತೇವೆ, ನಾವಾಗಿ ಹೋಗಿ ಸಾಮಾನು ಇಳಿಸಿ ಬರುವುದಿಲ್ಲ.

ಡಿಪಾಸಿಟ್ ತೆಗೆದುಕೊಳ್ಳುವುದಿಲ್ಲ. ಪುಸ್ತಕದಲ್ಲಿ ಮನೆಯವರ ಒಂದು ನಂಬರು, ನೆರೆಯವರ ಒಂದು ನಂಬರು. ವಾಪಸು ಕೇಳುವುದಕ್ಕೂ ಒಂದು ರೀತಿ ಇದೆ. ರೋಗಿ ತೀರಿಹೋದ ಮನೆಗೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಕಳೆಯುವವರೆಗೆ ಫೋನು ಮಾಡುವುದಿಲ್ಲ, ಇನ್ನೊಂದು ಮನೆಯವರು ಮಂಚಕ್ಕಾಗಿ ಕಾಯುತ್ತಿದ್ದರೂ. ಹೆಚ್ಚಿನವರು ತಾವೇ ತೊಳೆದು, ಒಣಗಿಸಿ, ಆಟೋದಲ್ಲಿ ತಂದುಕೊಡುತ್ತಾರೆ. ಇಲ್ಲಿ ಫೋಟೋ ಸಂಪೂರ್ಣ ಬಂದ್. ವರದಿಗೆ ಚಿತ್ರ ಬೇಕೇ ಬೇಕೆಂದರೆ ಅಂಗಡಿ ಎದುರು ಗಾಲಿಕುರ್ಚಿಯದ್ದು ಒಂದು ತೆಗೆದು ಕಳಿಸುತ್ತೇನೆ. ಖಾಲಿ ಕುರ್ಚಿ.

ದುಡ್ಡಿನ ಬಗ್ಗೆ ಕಡಿಮೆ ಹೇಳುತ್ತೇನೆ. ಖಾತೆ ಎರಡು: ಸದಸ್ಯರ ಚಂದಾದ್ದು ಆಡಳಿತಕ್ಕೆ, ಊರವರು ಕೊಟ್ಟದ್ದು ಸೇವೆಗೆ. ಸೇವೆಯ ಖಾತೆಯಿಂದ ಸಭೆಗೆ ಒಂದು ಚಹಾ ಕೂಡ ತರಿಸುವಂತಿಲ್ಲ. ಇದು ಸಂಸ್ಥೆಯ ನಿಯಮವೇ. ನಾವು ಒಂದು ಹೆಜ್ಜೆ ಮುಂದೆ ಹೋಗಿ ಸಭೆಯ ರಾತ್ರಿಯೂಟ ನಿಲ್ಲಿಸಿ, ಸಂಜೆಯ ಚಹಾ, ಗೋಳಿಬಜೆಗೆ ಇಳಿದೆವು. ‘ಊಟ ಇಲ್ಲದ ಎಂಥ ಕ್ಲಬ್ಬು’ ಎಂದು ಕೆಲವರು ಬಿಟ್ಟು ಹೋದರು. ಊಟದ ಖರ್ಚಿಗೆ ಹೆದರಿ ಸೇರದೆ ಇದ್ದ ಅಂಗನವಾಡಿ ಟೀಚರು, ಆಟೋ ಓಡಿಸುವವರು, ಇಬ್ಬರು ಮೇಷ್ಟ್ರು ಸೇರಿದರು. ಟೇಲ್ ಟ್ವಿಸ್ಟರ್ ಎಂಬ ಹುದ್ದೆ ಇದೆ, ಸಭೆಯಲ್ಲಿ ತಮಾಷೆಗೆ ದಂಡ ಹಾಕುವವರು. ನಮ್ಮಲ್ಲಿ ಅದು ಆಟೋ ಅಣ್ಣನದು. ಫೋನು ರಿಂಗಾದರೆ ಐದು ರೂಪಾಯಿ, ಅತಿಥಿಯ ಪರಿಚಯ ಅತಿಥಿಯ ಭಾಷಣಕ್ಕಿಂತ ಉದ್ದವಾದರೆ ಹತ್ತು. ಎರಡನೆಯದನ್ನು ಅಧ್ಯಕ್ಷರೇ ಹೆಚ್ಚು ಕಟ್ಟಿದ್ದು.

ಸಭೆ ಎರಡನೇ ಶನಿವಾರ. ಅಂದು ಸರಕಾರಿ ಕಚೇರಿಗೆ ರಜೆ. ಭಾನುವಾರ ಅಯಲ್ಕೂಟಗಳ ದಿನ, ಅದಕ್ಕೆ ಅಡ್ಡ ಹೋದರೆ ಅರ್ಧ ಹೆಂಗಸರು ತಪ್ಪುತ್ತಾರೆ. ಸಂಜೆ ಐದಕ್ಕೆ ಗಂಟೆ ಬಾರಿಸಿದರೆ ಆರೂವರೆಗೆ ಮುಗಿಯಲೇಬೇಕು, ಪೆರ್ಲ ಕಡೆಯವರಿಗೆ ಬಸ್ಸು ಸಿಗಬೇಕು. ನಿರ್ಣಯ ಪುಸ್ತಕ ಕನ್ನಡದಲ್ಲಿ. ಮಾತು ಯಾರಿಗೆ ಯಾವುದು ಬರುತ್ತದೋ ಅದರಲ್ಲಿ. ಪ್ರತಿ ತೀರ್ಮಾನದ ಕೆಳಗೆ ಒಂದು ಹೆಸರು, ಒಂದು ತಾರೀಕು ಬರೆಯದೆ ಮುಂದಿನ ವಿಷಯಕ್ಕೆ ಹೋಗುವುದಿಲ್ಲ.

ಈಗ ಮುಂದಿನದ್ದು. ನವೆಂಬರ್ 14 ಮಧುಮೇಹ ದಿನ. ಬಸ್ ಸ್ಟ್ಯಾಂಡಿನ ಹತ್ತಿರ ಬೆಳಗ್ಗೆ ಆರೂವರೆಯಿಂದ ಶುಗರ್ ನೋಡುತ್ತೇವೆ. ಚಹಾ ಕುಡಿಯದೆ ಬರುವ ಹಾಲಿನವರು, ಮೀನಿನವರು, ರಬ್ಬರ್ ಟ್ಯಾಪಿಂಗಿನವರು ಸಿಗುವುದು ಆಗಲೇ. ಅದರ ಹಂಚಿಕೆ ಈ ಎರಡನೇ ಶನಿವಾರದ ಸಭೆಯಲ್ಲಿ. ಅದೇ ಸಭೆಯಲ್ಲಿ ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಉದ್ದದ ಕಾರ್ಬನ್ ಫೈಬರ್ ದೋಟಿಯ ತರಬೇತಿಗೆ ಹೆಸರು ಬರೆಸಬಹುದು. ಮರ ಹತ್ತುವವರು ಸಿಗುವುದಿಲ್ಲ ಎಂದು ತೋಟ ಇರುವ ಸದಸ್ಯರೆಲ್ಲ ಗೋಳಾಡುತ್ತಿದ್ದಾರೆ, ಹೆಸರು ಬರೆಸುವಾಗ ನೋಡೋಣ.

ಡಿಸೆಂಬರಿನಲ್ಲಿ ಸಭೆಯ ಬದಲು ಕಟ್ಟ. ತೋಡಿಗೆ ಅಡ್ಡ ಕಲ್ಲು, ಮಣ್ಣು ಹಾಕಿ ನೀರು ನಿಲ್ಲಿಸುವುದು ಇಲ್ಲಿಯ ಹಳೆ ಕ್ರಮ. ಏತಡ್ಕದ ಕಡೆ ಅದನ್ನು ಬಿಡದೆ ನಡೆಸಿಕೊಂಡು ಬಂದವರಿದ್ದಾರೆ, ಅವರಲ್ಲಿ ಕೇಳಿಯೇ ದಿನ ಗೊತ್ತು ಮಾಡುವುದು. ಅಕ್ಟೋಬರ್–ನವೆಂಬರಿನ ತುಲಾ ಮಳೆ ಪೂರ್ತಿ ನಿಲ್ಲುವ ಮುಂಚೆ ಕಟ್ಟಿದರೆ ಒಂದೇ ಮಳೆಗೆ ಕೊಚ್ಚಿ ಹೋಗುತ್ತದೆ, ತಡ ಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಸಿಮೆಂಟಿನ ಖಾಲಿ ಚೀಲಗಳನ್ನು ಈಗಲೇ ಒಟ್ಟು ಮಾಡುತ್ತಿದ್ದೇವೆ. ಯಾರ ಮನೆ ಕೆಲಸ ನಡೆಯುತ್ತಿದ್ದರೂ ಅಂಗಡಿಗೆ ತಲುಪಿಸಿ. ಟಾರ್ಪಾಲು ಕ್ಲಬ್ಬಿನದು ಇದೆ. ಹಾರೆ, ಬುಟ್ಟಿ ಅವರವರು ತರಬೇಕು. ಪಕ್ಕದ ಕ್ಲಬ್ಬಿನವರೂ ಬರಬಹುದು, ಬ್ಯಾನರ್ ಬೇಡ. ಮಧ್ಯಾಹ್ನದ ಗಂಜಿ, ಚಟ್ನಿ ತೋಡಿನ ಆಚೆ ಬದಿಯ ಅಯಲ್ಕೂಟದವರು ವಹಿಸಿಕೊಂಡಿದ್ದಾರೆ, ಎಷ್ಟು ಜನ ಎಂದು ಹಿಂದಿನ ದಿನ ಸಂಜೆಯೊಳಗೆ ಅವರಿಗೆ ಹೇಳಬೇಕು.